ಅವರು ನಿಲ್ಲಿಸಿದ ಜಾಗ

ನೆದರ್‌ಲೆಂಡ್ಸಿನ ವೆಲ್ಡ್‌ಹೋವನ್‌ನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಾಚೆ ಇರುವವರು ಎಂಬತ್ತು ದಾಟಿದ ಒಬ್ಬ ಪಿಯಾನೋ ವಾದಕಿ. ಒಂದು ಕಾಲಕ್ಕೆ ಯೂರೋಪಿನ ದೊಡ್ಡ ಸಭಾಂಗಣಗಳನ್ನೆಲ್ಲ ತುಂಬಿಸಿದವರು ಎಂದು ನನಗೆ ತಿಳಿದದ್ದು ನಾವು ಇಲ್ಲಿಗೆ ಬಂದ ಎರಡನೆಯ ವರ್ಷ. ಅದೂ ಅವರಿಂದಲ್ಲ, ಪೋಸ್ಟ್ ತರುವ ಹೆಂಗಸಿನಿಂದ.

ಬುಧವಾರ ಹತ್ತೂವರೆಗೆ ಅವರ ಮನೆಯಲ್ಲಿ ನನಗೆ ಕಾಫಿ. ಡಬ್ಬಿ ತೆರೆದು ಒಂದೇ ಒಂದು ಬಿಸ್ಕತ್ತು ಕೊಟ್ಟು ಮುಚ್ಚಳ ಹಾಕಿಬಿಡುತ್ತಾರೆ. ಮೊದಲೆಲ್ಲ ಅದಾದ ಮೇಲೆ ಕೈ ತೊಳೆದು, ಒಂದೊಂದೇ ಬೆರಳನ್ನು ಒರೆಸಿಕೊಂಡು ಪಿಯಾನೋ ಮುಂದೆ ಕೂರುತ್ತಿದ್ದರು. ನುಡಿಸುತ್ತಿದ್ದದ್ದು ನಾಲ್ಕೈದು ಕೃತಿಗಳು ಮಾತ್ರ, ಎಲ್ಲವೂ ನಿಧಾನದವು. ಚಪ್ಪಾಳೆ ಗಿಟ್ಟಿಸುವಂಥವನ್ನು ಎಂದೋ ಬಿಟ್ಟಿದ್ದರು.

“ಅವನ್ನೆಲ್ಲ ಯಾಕೆ ಬಿಟ್ರಿ?” ಎಂದು ಕೇಳಿದ್ದೆ. ನಾವು ಮಾತಾಡುವುದು ಇಂಗ್ಲಿಷಿನಲ್ಲಿ. ನೆನಪಿಗೆ ಬರುವಾಗ ಮಾತ್ರ ಅದು ನನ್ನ ಕನ್ನಡವಾಗಿ ಬರುತ್ತದೆ.

“ಅವು ಅರ್ಥ ಆಗ್ಬಿಟ್ವು. ಇವು ಇನ್ನೂ ಆಗಿಲ್ಲ.”

ಹರೆಯದಲ್ಲಿ ಮೂರು ರೆಕಾರ್ಡ್ ಕೊಟ್ಟವರು ಮತ್ತೆ ಸ್ಟುಡಿಯೋದ ಮೆಟ್ಟಿಲು ಹತ್ತಲಿಲ್ಲವಂತೆ. “ಏಳು ಸಲ ನುಡಿಸು ಅಂತಾರೆ. ಏಳರಲ್ಲೂ ಚೆನ್ನಾಗಿರೋ ಚೂರು ಕತ್ತರಿಸಿ ಅಂಟಿಸ್ತಾರೆ. ಒಂದಿನ ಅಂಗಡೀಲಿ ಕೇಳಿಸ್ಕೊಂಡೆ. ಪರವಾಗಿಲ್ಲ, ಯಾರೋ ಚೆನ್ನಾಗಿ ನುಡಿಸಿದಾರೆ ಅನ್ನಿಸ್ತು!”

ನಾನು ಓದಿದ ಮೈಸೂರಿನ ಕಾನ್ವೆಂಟಿನಲ್ಲಿ ಸಂಗೀತದ ಸಿಸ್ಟರ್ ಒಬ್ಬರು ಶಾಲೆ ಬಿಟ್ಟ ಮೇಲೆ ಕಿಟಕಿ ತೆರೆದಿಟ್ಟು ಒಂದು ತುಣುಕು ನುಡಿಸುತ್ತಿದ್ದರು. ಹೆಸರು ಗೊತ್ತಿಲ್ಲ, ಗುನುಗಲು ಬರುತ್ತದೆ. ನಮ್ಮ ಕಚೇರಿಗಳಲ್ಲಿ ಕೇಳುಗರು ವೇದಿಕೆಗೆ ಚೀಟಿ ಕಳಿಸಿ ತಮಗೆ ಬೇಕಾದ್ದನ್ನು ಹಾಡಿಸಿಕೊಳ್ಳುವುದಿಲ್ಲವೇ? ಅದೇ ಸಲಿಗೆಯಲ್ಲಿ ಒಂದು ಬುಧವಾರ ಸಿಸ್ಟರ್ ವಿಷಯ ಹೇಳಿ ಗುನುಗಿ ತೋರಿಸಿದೆ.

ಅವರು ಮುಖ ಸಿಂಡರಿಸಿದರು. “ಅದಾ! ಅದನ್ನ ಮುಟ್ಟಿ ನಲವತ್ತು ವರ್ಷ ಆಯ್ತು. ಎಲ್ಲಿ ಹೋದ್ರೂ ಅದೇ ಬೇಕು ಅನ್ನೋರು, ಹುಟ್ಟುಹಬ್ಬದ ಕೇಕ್ ಥರ.”

ಆದರೆ ಮರುದಿನದಿಂದಲೇ ಗೋಡೆಯಾಚೆ ಅದು ತುಂಡು ತುಂಡಾಗಿ ಕೇಳಿಸತೊಡಗಿತು. ಮೂರು ವಾರ ಕಳೆದ ಮೇಲೆ ಹೇಳಿದರು: “ಕೂತ್ಕೊ. ನಿನಗೆ ಮಾತ್ರ, ಈ ರೂಮಲ್ಲಿ ಮಾತ್ರ. ಹೊರಗೆ ಹೋಗ್ಬಾರ್ದು.”

ಹೂಂ ಎಂದೆ. ಎನ್ನುತ್ತಲೇ ಶಾಲಿನ ಕೆಳಗೆ ಫೋನಿನ ಬಟನ್ ಒತ್ತಿದೆ.

ನನಗೆ ನಾನೇ ಹೇಳಿಕೊಂಡ ಸಮಾಧಾನವೂ ಇತ್ತು. ನನ್ನ ಸೋದರಮಾವ ರಾಮನವಮಿ ಕಚೇರಿಗಳಲ್ಲಿ ಮೊದಲ ಸಾಲಿನಲ್ಲಿ ಟೇಪ್‌ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. “ಆನ್ ಆಯ್ತೇನ್ರೀ? ಶುರು ಮಾಡ್ಲಾ?” ಎಂದು ವಿದ್ವಾಂಸರೇ ಕೇಳುತ್ತಿದ್ದರು. ರೆಕಾರ್ಡ್ ಮಾಡಿಕೊಳ್ಳುವುದೆಂದರೆ ನಮ್ಮಲ್ಲಿ ಮರ್ಯಾದೆ. ಆದರೆ ಮಾವ ಅದರ ಮೇಲೆ ಶಾಲು ಮುಚ್ಚುತ್ತಿರಲಿಲ್ಲ.

ನಡುವೆ ಒಂದು ಕಡೆ ಅವರು ತಟ್ಟನೆ ನಿಂತರು. ಕೈಗಳು ಕೀಲಿಗಳ ಮೇಲೇ ಇದ್ದವು. ಎರಡು ಸಾಲು ಹಿಂದೆ ಹೋಗಿ, ಇನ್ನೂ ಮೆಲ್ಲಗೆ ನುಡಿಸಿ ಮುಗಿಸಿದರು.

ಆ ಮಧ್ಯಾಹ್ನವೇ ಅದನ್ನು ಇಲ್ಲಿನ ಕನ್ನಡ ಹೆಂಗಸರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಅಲ್ಲಿ ಒಬ್ಬರ ಮಗಳ ಅರಂಗೇಟ್ರಂ, ಇನ್ನೊಬ್ಬರ ಪ್ರಮೋಷನ್. ನನ್ನದೆಂದು ಹಾಕಲು ಒಬ್ಬಟ್ಟಿನ ಫೋಟೋ ಬಿಟ್ಟರೆ ಏನೂ ಇರುತ್ತಿರಲಿಲ್ಲ. ‘ವರ್ಲ್ಡ್ ಫೇಮಸ್ ಪಿಯಾನಿಸ್ಟ್, ನನಗೋಸ್ಕರ ಸ್ಪೆಷಲ್ ಆಗಿ’ ಎಂದು ಬರೆದೆ.

“ವಾವ್, ಸೂಪರ್ ಕಣೇ!”

“ಮಧ್ಯ ಮರೆತುಹೋದ್ರು ಅಲ್ವಾ? ಪಾಪ, ಏಜ್ ಆಗಿದೆ.”

“ನಮ್ಮನೆಯವ್ರು ಕೇಳಿ, ನೆಟ್ ಹೋಯ್ತಾ ಅಂದ್ರು!”

ನಗುವ ಮುಖಗಳು ಸಾಲಾಗಿ ಬಂದವು. ನಾನೂ ಒಂದನ್ನು ಹಾಕಿದೆ.

ಆ ಗುಂಪಿನ ತಾಯಿಯೊಬ್ಬರು ಅದನ್ನು ಮಗಳ ಪಿಯಾನೋ ಟೀಚರಿಗೆ ಕೇಳಿಸಿದರಂತೆ. ಆ ಟೀಚರ್ ಒಂದು ಕಾಲದಲ್ಲಿ ಇವರ ಶಿಷ್ಯೆ, ಸುದ್ದಿ ಇವರಿಗೆ ಮುಟ್ಟಿತು. ನಾಲ್ಕನೆಯ ದಿನ ಬಾಗಿಲ ಬೆಲ್ ಆಯಿತು. ಪಕ್ಕದ ಮನೆಯವರು ಕೋಟೂ ಇಲ್ಲದೆ ನಿಂತಿದ್ದರು.

“ರೆಕಾರ್ಡ್ ಮಾಡಿದ್ಯಾ?”

ಸುಳ್ಳು ಹೇಳಬಾರದೆಂದು ಹತ್ತು ವರ್ಷ ಸಿಸ್ಟರುಗಳು ಕಲಿಸಿದ್ದರು. ನನ್ನ ಬಾಯಿಂದ ಬಂದದ್ದು, “ಕೈ ತಪ್ಪಿ ಬಟನ್ ಒತ್ಹೋಗಿರ್ಬೇಕು.”

“ಓಹೋ. ಕಳ್ಸಿದ್ದೂ ಕೈ ತಪ್ಪಿಯೇನಾ?”

ಒಳಗೆ ಬನ್ನಿ ಎನ್ನುವುದೂ ಹೊಳೆಯಲಿಲ್ಲ. ಎಲ್ಲ ಅಳಿಸಿಬಿಡುತ್ತೇನೆ, ಅಲ್ಲಿ ನೀವು ತಪ್ಪಿದ್ದು ಯಾರಿಗೂ ಅಷ್ಟು ತಿಳಿಯುವುದಿಲ್ಲ ಎಂದು ಏನೇನೋ ತೊದಲಿದೆ.

“ತಪ್ಪಿದ್ದಾ?” ಅವರು ನನ್ನನ್ನೇ ನೋಡಿದರು. “ನಾನು ತಪ್ಲಿಲ್ಲ. ನೀನು ತಲೆ ಬಗ್ಗಿಸ್ದೆ. ನಿನ್ನ ಸಿಸ್ಟರ್ ನೆನಪಾಗಿ ಅಳ್ತಿದೀಯ ಅಂದ್ಕೊಂಡೆ. ಅದಕ್ಕೇ ನಿಲ್ಲಿಸ್ದೆ. ನೀನು ಕೇಳಿಸ್ಕೊಳ್ಳೋ ಹಾಗಾಗ್ಲಿ ಅಂತ ಮತ್ತೆ ಹಿಂದಿನಿಂದ ತಗೊಂಡೆ.”

ನಾನು ತಲೆ ಬಗ್ಗಿಸಿದ್ದು ಶಾಲು ಸರಿಸಿ ರೆಕಾರ್ಡ್ ಓಡುತ್ತಿದೆಯೇ ಎಂದು ನೋಡಲು.

ಅದನ್ನು ಹೇಳಲಿಲ್ಲ. ಅವರೂ ಕೇಳಲಿಲ್ಲ, ಕೇಳುವುದೇ ಬೇಕಿರಲಿಲ್ಲ. ಬೇಲಿಯ ಪಕ್ಕದ ಕಲ್ಲುಹಾಸಿನ ಮೇಲೆ ಮೆಲ್ಲಗೆ ನಡೆದು ಹೋದರು. ಈಗಲೂ ಬುಧವಾರ ಕರೆಯುತ್ತಾರೆ, ಕಾಫಿ ಕೊಡುತ್ತಾರೆ, ಗಾಳಿ ಮಳೆಯ ಮಾತಾಡುತ್ತಾರೆ. ನಾನಿರುವಾಗ ನುಡಿಸುವುದಿಲ್ಲ.

ಅವರಿಗೆ ಮರೆತುಹೋಯಿತು ಎಂಬ ಮಾತನ್ನಾದರೂ ಸರಿಪಡಿಸಬೇಕೆಂದು, ಅವರು ಬಾಗಿಲಿಗೆ ಬಂದು ಹೋದ ದಿನವೇ ಗುಂಪಿನಲ್ಲಿ ಬರೆದೆ: ಅವರು ಮರೆತದ್ದಲ್ಲ, ನಾನು ಅಳುತ್ತಿದ್ದೇನೆಂದು ನನಗಾಗಿ ನಿಲ್ಲಿಸಿದ್ದು, ದಯವಿಟ್ಟು ಎಲ್ಲರೂ ಅದನ್ನು ಅಳಿಸಿ.

“ಅಯ್ಯೋ, ಎಷ್ಟು ಲಕ್ಕಿ ಕಣೇ ನೀನು!” ಎಂದು ಹೃದಯಗಳ ಮೇಲೆ ಹೃದಯಗಳು ಬಂದವು. ಯಾರು ಅಳಿಸಿದರೋ ಗೊತ್ತಿಲ್ಲ. ಅತ್ತಿರಲಿಲ್ಲ ಎಂದು ಬರೆಯಲು ಹೊರಟು, ಆ ಹೃದಯಗಳನ್ನು ನೋಡುತ್ತಾ ಫೋನನ್ನು ಕೆಳಗಿಟ್ಟೆ.