ಹಿಂದಿನ ಸೀಟು

ಕುಮಟೆಯ ನನ್ನ ಎಲೆಕ್ಟ್ರಿಕ್ ಬೈಕಿನ ಅಂಗಡಿಗೆ ಅವರು ನಾಲ್ಕು ಸಲ ಬಂದಿದ್ದರು. ಭಟ್ಕಳದಿಂದ ಮೂವತ್ತು ವರ್ಷ ಮೀನಿನ ಲಾರಿ ಓಡಿಸಿದವರು. ಈಗ ಹಳೆಯ ಟೆಂಪೊ ಒಂದರೊಳಗೆ ಹಾಸಿಗೆ, ಒಲೆ ಕೂರಿಸಿಕೊಂಡು ಹೆಂಡತಿಯೊಡನೆ ಊರೂರು ಸುತ್ತುತ್ತಿದ್ದರು. ಟೆಂಪೊ ನಿಲ್ಲಿಸಿದಲ್ಲಿಂದ ಪೇಟೆಗೋ ಕಡಲಿಗೋ ಹೋಗಿಬರಲು, ಅದರ ಹಿಂದೆ ಕಟ್ಟಿ ಒಯ್ಯುವಂಥ ಹಗುರ ಬೈಕು ಬೇಕಿತ್ತು.

ಹಣೆ ಒರೆಸುತ್ತ "ಸಾಕಾತು ತಮಾ" ಅನ್ನುತ್ತಲೇ ಒಳಗೆ ಬರುವರು. ನಾನು ಬ್ಯಾಟರಿ, ಚಾರ್ಜಿಂಗ್ ಎಂದರೆ ಕೇಳುತ್ತಿರಲಿಲ್ಲ. ಹ್ಯಾಂಡಲ್ ಮುಟ್ಟುತ್ತಲೂ ಇರಲಿಲ್ಲ. ಪ್ರತಿ ಬೈಕಿನ ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿ ಹೊರಟುಬಿಡುವರು. ಹೆಂಡತಿಗೆ ಮೆತ್ತಗಿರಲೆಂದು ನೋಡುತ್ತಾರೆ ಅಂದುಕೊಂಡಿದ್ದೆ.

ಐದನೇ ಸಲ ಹೆಂಡತಿಯನ್ನೂ ಕರೆತಂದರು. ಓಡಿಸಿ ನೋಡಿ ಎಂದು ಕೀಲಿ ಚಾಚಿದೆ.

"ನಂಗೆಂತಕ್ಕೆ? ಅವಳಿಗೆ ಕೊಡು. ಸಾಕಾತು ತಮಾ," ಎಂದವರೇ ಹಿಂದೆ ಹತ್ತಿ ಕೂತರು.

ಹೆಂಡತಿ ನಿಧಾನಕ್ಕೆ ಹೊರಟರು. ಅಂಗಡಿಯೆದುರಿನ ತಿರುವಿನಲ್ಲೇ ದನವೊಂದು ಅಡ್ಡ ಬಂತು. ಆಕೆ ಬ್ರೇಕು ಹಿಡಿದರು, ಬೈಕು ನಿಂತಿತು. ಹಿಂದೆ ಕೂತವರ ಬಲಗಾಲು ಮಾತ್ರ ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಆಕೆ ತಿರುಗಿ ನೋಡದೆಯೇ ಹೇಳಿದರು: "ನಿಂತಾತು. ಇನ್ನು ಕಾಲು ಬಿಡಿ."