ಮುಖ ತಿರುಗಿಸಿದ ನಾಯಿ

ಪೀಣ್ಯದ ಆ ಕೇಂದ್ರಕ್ಕೆ ನಾನು ನಾಯಿಯನ್ನು ಕರೆದುಕೊಂಡು ಹೋಗುತ್ತಿದ್ದುದು ಶನಿವಾರ ಬೆಳಿಗ್ಗೆ. ಕೆಳಗೆ ಬೇರಿಂಗ್ ಮಾರುವ ಅಂಗಡಿ, ಮೇಲಿನ ಮಹಡಿಯಲ್ಲಿ ಉದ್ದನೆಯ ಒಂದು ಹಾಲ್. ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವರು ಅಲ್ಲಿಗೆ ಬಂದು, ಹೊಲಿದು ಕೂಡಿಸಿದ ಬೆರಳುಗಳನ್ನು ಮತ್ತೆ ಮಡಚುವುದನ್ನು ಕಲಿಯುತ್ತಿದ್ದರು. ಸುತ್ತಲಿನ ಶೆಡ್ಡುಗಳಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸುಗಳು ಬಡಿಯುತ್ತಲೇ ಇರುತ್ತಿದ್ದವು. ಹಾಲಿನ ಕಿಟಕಿ ಗಾಜು ಸಣ್ಣಗೆ ಅದುರುತ್ತಿತ್ತು. ಅದುರುತ್ತಿತ್ತು ಎಂದು ಬರೆದೆ. ಅದು ನಿಜವಾಗಿ ನೆನಪಿದೆಯೋ, ಪ್ರೆಸ್ಸಿರುವ ಕಡೆ ಗಾಜು ಅದುರಲೇಬೇಕು ಎಂದು ನನ್ನ ತಲೆ ಸೇರಿಸಿದೆಯೋ, ಹೇಳಲಾರೆ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡುವಾಗ, ನೆನಪೆಂದರೆ ಹೊರಗೆ ತೆಗೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುವ ವಸ್ತು ಎಂದು ಓದಿದೆ. ಅಲ್ಲಿಂದಾಚೆಗೆ ಯಾವುದನ್ನೂ ನೆಮ್ಮದಿಯಾಗಿ ನೆನಪಿಸಿಕೊಂಡಿಲ್ಲ.

ನಮ್ಮದು ಕಂದು ಬಣ್ಣದ ಹೆಣ್ಣು ಲ್ಯಾಬ್ರಡಾರ್. ಮಾದನಾಯಕನಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೊಗಳದ ನಾಯಿ ಎಂದು ಅದಕ್ಕೆ ಹೆಸರು. ಲಿಫ್ಟಿನಲ್ಲಿ ಮಕ್ಕಳು ಕಿವಿ ಎಳೆದರೂ ಸುಮ್ಮನಿರುತ್ತಿತ್ತು. ಆಸ್ಪತ್ರೆ, ಶಾಲೆಗಳಿಗೆ ನಾಯಿಗಳನ್ನು ಕರೆದೊಯ್ಯುವ ಸ್ವಯಂಸೇವಕರ ಗುಂಪೊಂದು ಅದನ್ನು ಪರೀಕ್ಷೆ ಮಾಡಿತು. ಹಿಂದಿನಿಂದ ಸ್ಟೀಲ್ ಪಾತ್ರೆ ಬೀಳಿಸಿದರು, ಬಾಲ ಹಿಡಿದರು, ಗಾಲಿಕುರ್ಚಿಯನ್ನು ಮೈಮೇಲೆ ಬರುವಂತೆ ತಳ್ಳಿದರು. ನಾಯಿ ಅಲುಗಲಿಲ್ಲ. ಅಲುಗದಿರುವುದನ್ನೇ ಶಾಂತಿ ಎಂದು ಲೆಕ್ಕ ಹಿಡಿದು ಪಾಸು ಮಾಡಿದರು. ಒಳಗೆ ಏನಾಗುತ್ತಿತ್ತು ಎಂದು ಕೇಳುವ ಪರೀಕ್ಷೆ ಅದಾಗಿರಲಿಲ್ಲ.

ಕೇಂದ್ರದಲ್ಲಿ ನಾಯಿಗಿದ್ದ ಕೆಲಸ ಮಲಗಿರುವುದು. ಕೈ ಗಾಯದವರು ಅದರ ಬೆನ್ನಿಗೆ ಬ್ರಶ್ ಹಾಕುತ್ತಿದ್ದರು. ಮೊದಲು ದಪ್ಪ ಹಿಡಿಯ ಬ್ರಶ್, ಬೆರಳು ಮಡಚಲು ಬಂದಂತೆಲ್ಲ ಸಣ್ಣ ಹಿಡಿಯದು. ಅಲ್ಲಿನ ಫಿಸಿಯೋಥೆರಪಿಸ್ಟ್ ಮೇಡಂ ಯೋಚಿಸಿ ಮಾಡಿದ್ದ ಏರ್ಪಾಟು ಅದು.

ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬಾತ ಪ್ರೆಸ್ ಆಪರೇಟರ್. ನಮ್ಮ ಮಾದನಾಯಕನಹಳ್ಳಿಯವನೇ, ಅಪಾರ್ಟ್‌ಮೆಂಟುಗಳು ಬರುವ ಮೊದಲಿನಿಂದಲೂ ಅಲ್ಲಿದ್ದ ಮನೆತನ. ವಯಸ್ಸು ಐವತ್ತರ ಹತ್ತಿರ. ಬಲಗೈಯಲ್ಲಿ ಎರಡು ಬೆರಳು ಅರ್ಧಕ್ಕೆ ಹೋಗಿದ್ದವು. ಉಳಿದೆರಡನ್ನು ಸರ್ಜನ್ ಹೊಲಿದು ಉಳಿಸಿದ್ದರು, ಆದರೆ ಅವು ಕೋಲಿನಂತೆ ನೆಟ್ಟಗೆ ನಿಂತಿದ್ದವು. ಆ ಎರಡು ಬೆರಳು ಮಡಚಿ ಹೆಬ್ಬೆರಳನ್ನು ಮುಟ್ಟಿದರೆ ಕಾರ್ಖಾನೆಯವರು ಬೇರೊಂದು ಯಂತ್ರಕ್ಕೆ ಹಾಕಿಕೊಳ್ಳುವುದಾಗಿ ಹೇಳಿದ್ದರು. ಮುಟ್ಟದಿದ್ದರೆ ಇಲ್ಲ. ಅದಕ್ಕೆ ಸಮಯವೂ ಹೆಚ್ಚಿರಲಿಲ್ಲ. ಹೊಲಿದ ಸ್ನಾಯುರಜ್ಜು ಕೆಲವು ತಿಂಗಳೊಳಗೆ ಆಡದಿದ್ದರೆ ಅಕ್ಕಪಕ್ಕದ ಮಾಂಸಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಏನು ಮಾಡಿದರೂ ಅಷ್ಟೇ ಎಂದು ಮೇಡಂ ನನಗೂ ಬಿಡಿಸಿ ಹೇಳಿದ್ದರು.

ನಾಯಿಗೆ ಬ್ರಶ್ ಹಾಕುವುದೊಂದು ಬಿಟ್ಟು ಆತ ಬೇರೆ ಯಾವ ವ್ಯಾಯಾಮವನ್ನೂ ಮಾಡುತ್ತಿರಲಿಲ್ಲ. ಸ್ಪಂಜಿನ ಚೆಂಡು ಕೊಟ್ಟರೆ ಮೇಜಿನ ಮೇಲೆ ಉರುಳಿಸಿಬಿಡುತ್ತಿದ್ದ.

"ಬಾಲು ಇಸುಕಕ್ಕೆ ನಾನೇನು ಎಳೇ ಮಗಾನಾ ಮೇಡಂ?"

"ಮತ್ತೆ ನಾಯಿ ತಲೆ ಬಾಚೋದು ದೊಡ್ಡೋರ ಕೆಲಸಾನಾ?" ಮೇಡಂ ಕೇಳುತ್ತಿದ್ದರು.

"ಅದು ಬ್ಯಾರೆ. ಮೊದಲ್ನೇ ದಿನಾನೇ ಅದು ತಾನಾಗ್ ಬಂದು ಈ ಕೈ ಮ್ಯಾಲೆ ಗಲ್ಲ ಇಕ್ತು. ಕೇಳಿ ಬೇಕಾದ್ರೆ, ಸಾರ್ ನೋಡವ್ರೆ."

ನಾನು ನೋಡಿದ್ದೆನೇ? ನನಗಿದ್ದ ನೆನಪಿನಲ್ಲಿ ಮೊದಲ ದಿನ ನಾಯಿ ಮೇಜಿನ ಕೆಳಗೆ ಸೇರಿ, ಹೊರಡುವವರೆಗೂ ಈಚೆ ಬರಲಿಲ್ಲ. ಮೇಡಂ ಅವರನ್ನು ಕೇಳಿದರೆ, ಗಲ್ಲ ಇಟ್ಟಿದ್ದು ಹೌದು, ಆದರೆ ಇನ್ನೊಬ್ಬರ ಕೈ ಮೇಲೆ ಎನ್ನುತ್ತಿದ್ದರು. ಆದರೂ ಆತ ಅದನ್ನು ಎಷ್ಟು ಸಲ ಹೇಳಿದನೆಂದರೆ, ಈಗ ಕಣ್ಣು ಮುಚ್ಚಿದರೆ ನನಗೆ ಆ ದೃಶ್ಯ ಕಾಣುತ್ತದೆ: ಬ್ಯಾಂಡೇಜು ಸುತ್ತಿದ ಕೈ, ಅದರ ಮೇಲೆ ಕಂದು ಗಲ್ಲ, ನಾಯಿಯ ಮುಚ್ಚಿದ ಕಣ್ಣು. ಆಗ ಮಾತ್ರ ನಾನು ಹೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನಾಯಿ ಮುಖ ತಿರುಗಿಸಲು ಶುರು ಮಾಡಿತು. ಎಲ್ಲರಿಗೂ ಅಲ್ಲ, ಆತನಿಗೆ. ಬ್ರಶ್ ಹಿಡಿದು ಆತ ಬಗ್ಗಿದರೆ ತಲೆಯನ್ನು ಗೋಡೆಯ ಕಡೆ ಹೊರಳಿಸುತ್ತಿತ್ತು. ಎದ್ದು ಹೋಗುತ್ತಿರಲಿಲ್ಲ, ಗುರುಗುಟ್ಟುತ್ತಿರಲಿಲ್ಲ. ಮುಖ ಮಾತ್ರ ಆ ಕಡೆ.

"ಏನವ್ವಾ, ಕ್ವಾಪಾನಾ?" ಎಂದು ಆತ ಮೊದಲ ಸಲ ನಕ್ಕ. ಅದರ ಮುಂದಿನ ವಾರವೂ ಹಾಗೇ ಆದಾಗ ಕೈ ಹಿಂದಕ್ಕೆ ತೆಗೆದುಕೊಂಡ.

"ಇದುಕ್ಕೆ ಗೊತ್ತಾಗ್ಬುಡ್ತು, ಸಾರ್."

"ಏನು?"

"ಈ ಕೈ ಸತ್ತೋಗದೆ ಅಂತ. ನಾಯಿಗೆ ಹೆಣದ್ ವಾಸ್ನೆ ಗೊತ್ತಾಗ್ತದೆ."

ಮುಖ ತಿರುಗಿಸುವುದು ನಾಯಿಗಳಲ್ಲಿ ಮರ್ಯಾದೆ, ಜಗಳ ಬೇಡ ಎಂದು ಹೇಳುವ ರೀತಿ ಎಂದು ನಾನು ಓದಿಕೊಂಡದ್ದನ್ನು ಹೇಳಿದೆ. ಎದುರಿಗಿರುವವರು ಮೇಲಿನಿಂದ ಬಗ್ಗಿದರೆ, ನೋವಿಗೆ ಉಸಿರು ಬಿಗಿ ಹಿಡಿದರೆ ಅವು ಹಾಗೆ ಮಾಡುತ್ತವೆ ಎಂದೆ.

"ನಮ್ ಅಳೀಮಯ್ಯಾನೂ ನನ್ ಕಂಡ್ರೆ ಇಂಗೇ ಮಕ ತಿರುಗುಸ್ತಾನೆ. ಅದೂ ಮರ್ವಾದೇನಾ?"

ಹಾಲಿನಲ್ಲಿದ್ದವರೆಲ್ಲ ನಕ್ಕರು, ಆತನೂ ನಕ್ಕ. ಆದರೆ ಅವತ್ತು ಮತ್ತೆ ಬ್ರಶ್ ಮುಟ್ಟಲಿಲ್ಲ.

ಕಾರಣ ಹುಡುಕುವುದನ್ನು ನಾನು ಮೈಮೇಲೆ ಎಳೆದುಕೊಂಡೆ. ಆತ ಕೈಗೆ ನೋವಿನ ಮುಲಾಮು ಹಚ್ಚುತ್ತಿದ್ದ, ಒಂದು ವಾರ ಅದಿಲ್ಲದೆ ಬರಲು ಹೇಳಿದೆ. ನಾಯಿ ಆಗಲೂ ಮುಖ ತಿರುಗಿಸಿತು. ಬ್ರಶ್ ಬದಲಾಯಿಸಿದೆವು. ಬಾಗಿಲ ಹತ್ತಿರ ಕೂರಿಸಿ ನೋಡಿದೆವು. ಕೊನೆಗೆ ಆತನನ್ನು ನೆಲದ ಮೇಲೆ, ನಾಯಿಗೆ ಪಕ್ಕವಾಗಿ, ಅದರ ಕಡೆ ನೋಡದಂತೆ ಕೂರಿಸಿ, ಉಸಿರು ಬಿಡುತ್ತಾ ಬ್ರಶ್ ಹಾಕಿ ಎಂದೆ. ನಾಯಿ ಅಲುಗದೆ ಮಲಗಿತ್ತು. ನಿಧಾನಕ್ಕೆ ಆತನ ತೊಡೆಗೆ ಒರಗಿಕೊಂಡಿತು. ಆತನ ಬೆರಳು ಹಿಡಿಯ ಸುತ್ತ ಸ್ವಲ್ಪ, ಕಾಣಿಸುವಷ್ಟು, ಬಾಗಿತು. ಮೇಡಂ ಬಂದು ಮಂಡಿಯೂರಿ ಕುಳಿತು ನೋಡಿದರು.

ಆ ವರ್ಷದ ಒಂದೇ ಒಳ್ಳೆಯ ದಿನ ಅದು ಎಂದು ನಾನು ಹೇಳಿಕೊಳ್ಳುತ್ತಾ ಬಂದಿದ್ದೆ. ಮೊನ್ನೆ ಹೆಂಡತಿಗೆ ಹಾಗೆಂದಾಗ ಅವಳು ಅರ್ಧಕ್ಕೇ ತಡೆದಳು.

"ಅವತ್ತು ನಾಯಿ ಕಾರಿಂದ ಇಳೀಲೇ ಇಲ್ಲ ಅಂತ ನೀವೇ ಎತ್ಕೊಂಡು ಮೆಟ್ಟಿಲು ಹತ್ತಿದ್ರಿ ಕಣ್ರೀ. ಮನೆಗೆ ಬಂದು ಬೆನ್ನುನೋವು ಅಂತ ಭಾನುವಾರ ಪೂರ್ತಿ ಮಲಗಿದ್ರಿ. ಬಿಸಿನೀರಿನ ಚೀಲ ಇಟ್ಟಿದ್ದು ಯಾರು?"

ಬೆನ್ನುನೋವು ನೆನಪಿದೆ. ನಾಯಿಯನ್ನು ಎತ್ತಿಕೊಂಡದ್ದು ನೆನಪಿಲ್ಲ. ಅವಳು ಹೇಳುವುದು ನಿಜವಾದರೆ, ಅಂದು ನಾಯಿ ತೊಡೆಗೆ ಒರಗಿದ್ದು ಪ್ರೀತಿಯಿಂದಲೋ, ಇನ್ನು ತಪ್ಪಿಸಿಕೊಳ್ಳಲಾಗದು ಎಂದು ಕುಸಿದೋ ತಿಳಿಯದು; ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಆಮೇಲೆ ಕಾಲು ನೆಕ್ಕುವುದು ಶುರುವಾಯಿತು. ಊಟದ ಮೇಜಿನ ಕೆಳಗೆ ಮಲಗಿ, ಮುಂದಿನ ಬಲಗಾಲಿನ ಒಂದೇ ಜಾಗವನ್ನು ನಾಯಿ ಬಿಡದೆ ನೆಕ್ಕುತ್ತಿತ್ತು. ಟಿ.ವಿ. ಆರಿಸಿದರೆ ಮನೆಯಲ್ಲೆಲ್ಲ ಅದೇ ಸದ್ದು. ಕೂದಲು ಉದುರಿ ಚರ್ಮ ಕಾಣಿಸಿತು, ಆಮೇಲೆ ಚರ್ಮವೂ ಹೋಗಿ ಹಸಿ ಗಾಯವಾಯಿತು. ನಮ್ಮ ಕಡೆಯ ಪಶುವೈದ್ಯರು ಮುಲಾಮು ಕೊಟ್ಟು ಸೋತರು. ಸಾಕುಪ್ರಾಣಿಗಳ ನಡವಳಿಕೆಯನ್ನೇ ನೋಡುವ ವೈದ್ಯೆಯೊಬ್ಬರು ವೈಟ್‌ಫೀಲ್ಡಿನಲ್ಲಿದ್ದಾರೆ ಎಂದು ಅವರೇ ಕಳುಹಿಸಿದರು. ತುಮಕೂರು ರಸ್ತೆಯಿಂದ ವೈಟ್‌ಫೀಲ್ಡಿಗೆ ಹೋಗುವುದೆಂದರೆ ಅರ್ಧ ದಿನದ ಪ್ರಯಾಣ. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಅದು ನೆಕ್ಕುತ್ತಿತ್ತು, ಹೆಂಡತಿ ಕೈ ಅಡ್ಡ ಹಿಡಿದರೆ ಅವಳ ಕೈಯನ್ನು ನೆಕ್ಕುತ್ತಿತ್ತು.

"ಇದು ಯಾವಾಗಿಂದ ಸಾರ್?" ವೈದ್ಯೆ ಕೇಳಿದರು.

"ಕೇಂದ್ರಕ್ಕೆ ಹೋಗೋಕೆ ಶುರು ಮಾಡಿ ಸ್ವಲ್ಪ ದಿನ ಆದ್ಮೇಲೆ," ಎಂದೆ ನಾನು.

"ಇಲ್ಲ ಮೇಡಂ, ಅದಕ್ಕೂ ಮೊದಲೇ. ಹೋದ ವರ್ಷ ದೀಪಾವಳಿ ಪಟಾಕಿ ಟೈಮಲ್ಲಿ," ಎಂದಳು ಹೆಂಡತಿ.

"ಪಟಾಕಿ ಟೈಮಲ್ಲಿ ಮಂಚದ ಕೆಳಗಿತ್ತು, ನೆಕ್ತಿರ್ಲಿಲ್ಲ."

"ಮಂಚದ ಕೆಳಗೆ ಏನು ಮಾಡ್ತಿತ್ತು ಅಂತ ನೀವು ಬಗ್ಗಿ ನೋಡಿದ್ರಾ?"

ವೈದ್ಯೆ ಇಬ್ಬರನ್ನೂ ಬಿಟ್ಟು ನಾಯಿಯ ಕಡೆ ನೋಡುತ್ತಾ ಕುಳಿತರು. ಅದು ಆಕಳಿಸಿತು. ತುಟಿ ನೆಕ್ಕಿಕೊಂಡಿತು. ಅವರು ಕೈ ಚಾಚಿದಾಗ ಮುಖ ತಿರುಗಿಸಿತು.

"ನಿದ್ದೆ ಬಂದು ಆಕಳಿಸಿದ್ದಲ್ಲ ಇದು. ಇವಳು ತುಂಬಾ ದಿನದಿಂದ ಬೇಡ ಅಂತ ಹೇಳ್ತಾನೇ ಇದ್ದಾಳೆ ಅನ್ಸುತ್ತೆ. ಬೊಗಳೋ ನಾಯಿ ಆಗಿದ್ರೆ ಯಾರಾದ್ರೂ ಕೇಳಿಸ್ಕೊಳ್ತಿದ್ರು. ಆ ಕೇಂದ್ರದ ಭೇಟಿ ನಿಲ್ಸಿ."

"ನಿಲ್ಲಿಸಿದ್ರೆ ಇದು ವಾಸಿಯಾಗುತ್ತಾ?"

"ಗ್ಯಾರಂಟಿ ಕೊಡಕ್ಕಾಗಲ್ಲ. ಕೀಲುನೋವು ಇರಬಹುದು, ಅಲರ್ಜಿ ಇರಬಹುದು. ಶುರುವಾಗಿದ್ದಕ್ಕೆ ಒಂದು ಕಾರಣ, ಮುಂದುವರಿಯೋದಕ್ಕೆ ಅಭ್ಯಾಸವೇ ಕಾರಣ, ಹಾಗೂ ಆಗುತ್ತೆ. ಆದ್ರೆ ನಿಲ್ಸದೆ ಏನೂ ಗೊತ್ತಾಗಲ್ಲ."

ಪೀಣ್ಯದ ಮೇಡಂಗೆ ಫೋನು ಮಾಡಿದೆ. ಇನ್ನು ನಾಯಿಯನ್ನು ತರಲಾಗದು ಎಂದೆ. "ಆ ಪ್ರೆಸ್ಸಿನವರ ಕೈ ಆಡೋದಿದ್ರೆ ಈಗ್ಲೇ ಸಾರ್, ಈ ಒಂದೆರಡು ತಿಂಗಳು. ಆಮೇಲೆ ನೀವು ಆನೆ ತಂದ್ರೂ ಆ ಬೆರಳು ಮಡಚಲ್ಲ," ಎಂದರು. ಬೇರೆ ನಾಯಿ ಬರುವಂತೆ ಮಾಡುತ್ತೇನೆ ಎಂದೆ. ಗುಂಪಿನ ಇನ್ನೊಬ್ಬ ಸ್ವಯಂಸೇವಕರ ಗೋಲ್ಡನ್ ರಿಟ್ರೀವರ್ ಮುಂದಿನ ಶನಿವಾರವೇ ಬಂತು. ನಾನೂ ಹೋದೆ. ಅದು ಬಾಗಿಲಲ್ಲೇ ಎಲ್ಲರ ಮೈಮೇಲೆ ಬಿದ್ದು, ಸಿಕ್ಕ ಕೈಗಳನ್ನೆಲ್ಲ ನೆಕ್ಕಿ, ಆತನ ಮಡಿಲಿಗೂ ಹತ್ತಿತು. ಆತ ಎಡಗೈಯಿಂದ ಅದನ್ನು ಕೆಳಗಿಳಿಸಿದ.

"ಇದು ಎಲ್ಲಾರ ಅತ್ರಾನೂ ಓಗ್ತದೆ ಸಾರ್. ಇದು ಬಂದ್ರೇನು, ಬಿಟ್ರೇನು."

ನಾನು ವಾದ ಮಾಡಲಿಲ್ಲ. ಇಲ್ಲ ಎನ್ನಲಾರದವರ ಹೌದಿಗೆ ಅರ್ಥವಿಲ್ಲ ಎನ್ನುವುದನ್ನು ತರ್ಕದ ತರಗತಿಯಲ್ಲಿ ನನಗೂ ಹೇಳಿಕೊಟ್ಟಿದ್ದರು. ಆದರೆ ಆ ಕೈಗೆ ಬೇಕಾಗಿದ್ದುದು ತರ್ಕವಲ್ಲ, ಯಾವುದಾದರೊಂದು ನಾಯಿಯ ಬೆನ್ನು.

"ನಿಮ್ದು ಯಾಕ್ ಬರ್ಲಿಲ್ಲ?"

ಕಾಲಿನ ಗಾಯದ ವಿಷಯ ಹೇಳಿ ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಆತ ಫೋನನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಬಲಗಾಲು," ಎಂದ.

"ಹೂಂ."

"ನನ್ನಿಂದಾನಾ?"

ಅಲ್ಲ ಎಂದರೆ ಅದಕ್ಕೆ ಆಧಾರವಿರಲಿಲ್ಲ. ಹೌದು ಎನ್ನಲೂ ಇರಲಿಲ್ಲ. ಗೊತ್ತಿಲ್ಲ ಎಂದೆ. ನನಗೆ ಗೊತ್ತಿದ್ದುದು ಅಷ್ಟೇ, ಇವತ್ತಿಗೂ ಅಷ್ಟೇ. ಆತ ಫೋನು ವಾಪಸು ಕೊಟ್ಟ. "ಪಾಪ, ಮೂಕ್ ಪ್ರಾಣಿ," ಎಂದ. ಗೋಲ್ಡನ್ ರಿಟ್ರೀವರ್ ಮತ್ತೆ ಬಂದು ಅವನ ಚಪ್ಪಲಿ ಮೂಸುತ್ತಿತ್ತು, ಅದನ್ನು ಆತ ನೋಡಲೂ ಇಲ್ಲ.

ಆಮೇಲೆ ಆತ ಸರಿಯಾಗಿ ಬರಲಿಲ್ಲ. ಮೇಡಂ ಫೋನು ಮಾಡಿದರೆ ಒಂದು ಸಲ ಸಂಬಂಧಿಕರ ಮದುವೆ, ಇನ್ನೊಂದು ಸಲ ಜ್ವರ. ನಾನು ಮನೆಗೇ ಹೋಗಿ ಕರೆದೆ. ಬಾಗಿಲಲ್ಲಿ ಕೂರಿಸಿ ಕಾಫಿ ಕೊಡಿಸಿದ, ನಾಯಿ ಹೇಗಿದೆ ಎಂದು ವಿಚಾರಿಸಿದ. ಬಲಗೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದ. "ಬತ್ತೀನಿ ಸಾರ್, ಬತ್ತೀನಿ," ಎಂದ.

ನಾಯಿಯೂ ವಾಸಿಯಾಗಲಿಲ್ಲ. ಭೇಟಿ ನಿಂತಿತು, ಕಾಲು ನೆಕ್ಕದಂತೆ ಕೊರಳಿಗೆ ಅಗಲ ಬಾಯಿಯ ಪ್ಲಾಸ್ಟಿಕ್ ಕೊಳವೆ ಬಂತು, ಮಾತ್ರೆ ಬಂದವು. ಕೊಳವೆ ತೆಗೆದ ದಿನವೇ ಮತ್ತೆ ಅದೇ ಜಾಗ, ಅದೇ ಸದ್ದು. ಹಾಗಾದರೆ ಭೇಟಿ ಕಾರಣವಾಗಿರಲಿಲ್ಲವೇ? ಅಥವಾ ಆಗಿದ್ದು, ನಾವು ನಿಲ್ಲಿಸಿದ್ದು ತಡವಾಯಿತೇ? ಹೆಂಡತಿ ಈ ಪ್ರಶ್ನೆಯನ್ನು ಕೇಳುವುದನ್ನು ಬಿಟ್ಟಿದ್ದಾಳೆ. ಹತ್ತಿಬಟ್ಟೆ ಕತ್ತರಿಸಿ ಕಾಲಿಗೆ ಸುತ್ತುತ್ತಾಳೆ, ನಾಯಿ ಬಿಚ್ಚುತ್ತದೆ, ಅವಳು ಮತ್ತೆ ಸುತ್ತುತ್ತಾಳೆ.

ಬೇಸಿಗೆಯ ಶುರುವಿನಲ್ಲಿ ಆತ ಒಮ್ಮೆ ಕೇಂದ್ರಕ್ಕೆ ಬಂದ. ಕೈಯ ಸ್ಥಿತಿ ಏನೆಂದು ಕಾರ್ಖಾನೆಯವರಿಗೆ ತಿಳಿಯಬೇಕಿತ್ತು. ಮೇಡಂ ಹೇಳಿದ್ದರಿಂದ ನಾನೂ ಹೋಗಿದ್ದೆ, ನಾಯಿ ಇಲ್ಲದೆ. ಅವರು ಅವನ ಕೈಯನ್ನು ಮೇಜಿನ ಮೇಲೆ ಇರಿಸಿ, ಬೆರಳ ಕೀಲಿನ ಪಕ್ಕಕ್ಕೆ ಕೋನ ಅಳೆಯುವ ಸಣ್ಣ ಪಟ್ಟಿ ಹಿಡಿದರು.

"ಮುಷ್ಟಿ ಕಟ್ಟಿ."

ಆತ ಕೈಯನ್ನೇ ನೋಡುತ್ತಿದ್ದ. ಬೆರಳು ನೆಟ್ಟಗೇ ಇದ್ದವು. ಮೇಡಂ ಕಾದರು. ಅವನ ಕುತ್ತಿಗೆಯ ನರ ಉಬ್ಬಿತು, ಹಣೆ ಬೆವೆತಿತು.

"ಕಟ್ಟಿ ಅಣ್ಣಾ, ಎಷ್ಟಾಗುತ್ತೋ ಅಷ್ಟು."

"ಕಟ್ತಾನೇ ಇವ್ನಿ ಮೇಡಂ."

ಅವರು ಪಟ್ಟಿ ತೆಗೆದು ಪೆಟ್ಟಿಗೆಯಲ್ಲಿ ಇಟ್ಟರು. "ಸಾಕು, ಬಿಡಿ," ಎಂದರು. ಆತ ಬಿಟ್ಟನೋ, ಇನ್ನೂ ಕಟ್ಟುತ್ತಲೇ ಇದ್ದನೋ, ಆ ಬೆರಳುಗಳನ್ನು ನೋಡಿ ಹೇಳುವಂತಿರಲಿಲ್ಲ.