ವಸಂತಳಿಗೆ ಅಮ್ಮನವರು ತೋರಿಸಿದ ಮೇಷ್ಟರು

ನನ್ನ ಮಗಳು ವಸಂತಳ ಜೀವ ಉಳಿಸಿದ ಇಂಜೆಕ್ಷನ್ನೇ ಅವಳ ಕಿವಿಯನ್ನು ಕಿತ್ತುಕೊಂಡಿತು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ಅಮ್ಮನವರನ್ನು ನಂಬಿದ ನಿಮ್ಮೆಲ್ಲರ ಮುಂದೆ ಹೇಳಿಕೊಳ್ಳಬೇಕೆಂದು ಬಹಳ ದಿನಗಳಿಂದ ಆಸೆಯಿತ್ತು. ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾವಿದ್ದದ್ದು ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸ್‌ನಲ್ಲಿ. ನಮ್ಮ ಯಜಮಾನರು ಅಲ್ಲಿ ಲೇತ್ ಕೆಲಸಕ್ಕಿದ್ದರು. ವಸಂತ ಶಾಲೆಯಲ್ಲಿದ್ದಾಗ ಹತ್ತಿರದ ಪೀಣ್ಯದ ಶೆಡ್ಡುಗಳಲ್ಲಿ ನಮ್ಮ ದೇಶದ ಮೊದಲ ಉಪಗ್ರಹ ತಯಾರಾಗಿತ್ತು. ಅಂದಿನಿಂದ ಅವಳಿಗೆ ಅದೇ ಹುಚ್ಚು. ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ. ಫಿಸಿಕ್ಸ್‌ಗೆ ಸೇರಿದಳು. ಮೊದಲನೇ ವರ್ಷದಲ್ಲೇ, ದೀಪಾವಳಿ ಕಳೆದ ಮೇಲೆ, ಕೆಮ್ಮು ಹಿಡಿಯಿತು. ಸಂಜೆಯಾದರೆ ಜ್ವರ. ಎಕ್ಸ್‌ರೇ ತೆಗೆಸಿದರೆ ಕ್ಷಯ. ಆಸ್ಪತ್ರೆಯಲ್ಲಿ ಮಲಗಿಸಿ ದಿನಾ ಸೂಜಿ ಚುಚ್ಚಿದರು. ಆ ಕಾಲಕ್ಕಿದ್ದ ಔಷಧವೇ ಅದು, ಯಾರನ್ನೂ ದೂರುವಂತಿಲ್ಲ.

ಶಿವರಾತ್ರಿಯ ಹೊತ್ತಿಗೆ ಕೆಮ್ಮು ನಿಂತಿತು, ಮುಖದಲ್ಲಿ ಕಳೆ ಬಂತು. ಆದರೆ, "ಕಿವೀಲಿ ಗುಂಯ್ ಅಂತಿದೆ ಕಣಮ್ಮ," ಎನ್ನತೊಡಗಿದಳು. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ನಾನು ಹಿತ್ತಲಿನಿಂದ ಕೂಗಿದೆ, ಕೂಗಿದೆ. ಒಲೆಯ ಪಕ್ಕದಲ್ಲೇ ಬೆನ್ನು ತಿರುಗಿಸಿ ಕುಳಿತಿದ್ದವಳು ತಿರುಗಲೇ ಇಲ್ಲ.

ಡಾಕ್ಟರು ಪರೀಕ್ಷೆ ಮಾಡಿ ನನ್ನನ್ನು ಹೊರಗೆ ಕರೆದರು. "ಜೀವ ಉಳೀತಲ್ಲ ಅಂತ ಸಮಾಧಾನ ಮಾಡ್ಕೊಳ್ಳಿ ಅಮ್ಮ. ಕಿವಿಯೊಳಗಿನ ನರ ಹೋಗಿದೆ. ಅದಕ್ಕೆ ಮದ್ದಿಲ್ಲ."

ಆ ವರ್ಷದ ಪರೀಕ್ಷೆಯನ್ನು ಹೇಗೋ ದಾಟಿದಳೆಂದರೆ ಅದಕ್ಕೆ ಅವಳ ಗೆಳತಿ ಶಾಹೀನಾ ಕಾರಣ. ಆರ್.ಟಿ. ನಗರದ ಹುಡುಗಿ, ಒಂದೇ ಕ್ಲಾಸು. ಕಾರ್ಬನ್ ಹಾಳೆ ಇಟ್ಟು ತನ್ನ ನೋಟ್ಸಿನ ಜೊತೆಗೇ ಇವಳಿಗೂ ಒಂದು ಪ್ರತಿ ಬರೆಯುತ್ತಿದ್ದಳು. ಅವಳ ಮುಖ ನೋಡುತ್ತಾ ನೋಡುತ್ತಾ ವಸಂತ ತುಟಿ ಓದುವುದನ್ನು ಕಲಿತಳು. ಆದರೆ ಬೇಸಿಗೆ ರಜದಲ್ಲಿ ಶಾಹೀನಾಳ ಮದುವೆ ಗೊತ್ತಾಯಿತು. ಮನೆಗೆ ಬಂದು ನನ್ನ ಕೈ ಹಿಡಿದುಕೊಂಡು, "ಆಂಟಿ, ಈ ವರ್ಷ ನಾನಿರಲ್ಲ. ಇವಳ ಓದು ಮಾತ್ರ ಬಿಡಿಸ್ಬೇಡಿ," ಎಂದು ಅತ್ತಳು.

ಎರಡನೇ ವರ್ಷಕ್ಕೆ ಒಂದು ಸ್ಪೆಷಲ್ ಪೇಪರ್ ಆರಿಸಿಕೊಳ್ಳಬೇಕಂತೆ. ವರ್ಷವೆಲ್ಲ ಅದನ್ನೇ ಆಳವಾಗಿ ಓದಬೇಕು, ಮುಂದಿನ ಕೆಲಸವೂ ಅದರ ಮೇಲೇ. ವಸಂತಳ ಮನಸ್ಸೆಲ್ಲ ಬಾಹ್ಯಾಕಾಶದ ಪೇಪರ್ ಮೇಲಿತ್ತು. ಅದನ್ನು ಹೇಳುವ ಮೇಷ್ಟರಿಗೆ ಕಾಯಿಲೆ, ಪೇಪರೇ ನಿಂತುಹೋಗಿದೆ ಎಂದು ಹಿರಿಯ ವಿದ್ಯಾರ್ಥಿಗಳು ಹೇಳಿಬಿಟ್ಟರು. ಉಳಿದವುಗಳಲ್ಲಿ ಯಾವುದು ಎಂದು ಅಡುಗೆಮನೆಯ ನೆಲದ ಮೇಲೆ ಕುಳಿತು ನನಗೇ ವಿವರಿಸುತ್ತಿದ್ದಳು. ಏಳನೇ ಕ್ಲಾಸು ಓದಿದ ನನಗೇನು ತಿಳಿಯಬೇಕು?

"ನ್ಯೂಕ್ಲಿಯರ್ ತಗೊಂಡ್ರೆ ಆ ಸರ್‌ಗೆ ಗಡ್ಡ ಇದೆಯಮ್ಮ, ತುಟಿನೇ ಕಾಣಲ್ಲ. ಎಲೆಕ್ಟ್ರಾನಿಕ್ಸ್ ಸರ್ ಬೋರ್ಡ್ ಕಡೆ ತಿರುಗ್ಕೊಂಡೇ ಮಾತಾಡ್ತಾರೆ. ಇನ್ನೊಬ್ರು ಓಡಾಡ್ತಾ ನೋಟ್ಸ್ ಹೇಳ್ತಾರೆ."

ಯಾವ ವಿಷಯ ಇಷ್ಟ ಎಂಬ ಮಾತೇ ಇಲ್ಲ, ಯಾರ ತುಟಿ ಕಾಣುತ್ತದೆ ಎಂಬುದೇ ಲೆಕ್ಕ. ಕೊನೆಗೆ ಒಂದು ದಿನ, "ಬಿಟ್ಬಿಡ್ತೀನಮ್ಮ," ಎಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅಳಲಿಲ್ಲ. ಯಜಮಾನರು ತಟ್ಟೆ ನೋಡುತ್ತಾ, "ಮನೇಲಿರ್ಲಿ ಬಿಡು. ಮಗು ಉಳೀತಲ್ಲ, ಅಷ್ಟು ಸಾಕು," ಎಂದರು. ಅವರು ಅಂದು ಅರ್ಧ ಊಟಕ್ಕೇ ಕೈ ತೊಳೆದರು.

ಅಬ್ಬಿಗೆರೆ ನನ್ನ ತವರು. ಅಲ್ಲಿ ಹೊಲದ ಬದುವಿನಲ್ಲಿ ಒಂದು ಸಣ್ಣ ಅಮ್ಮನ ಗುಡಿ. ವಸಂತಳ ಕಿವಿ ಹೋದಾಗಿನಿಂದ ಪ್ರತಿ ಶುಕ್ರವಾರ ನಡೆದುಕೊಂಡೇ ಹೋಗಿ ದೀಪ ಹಚ್ಚಿ ಬರುತ್ತಿದ್ದೆ. ಕಿವಿ ಕೊಡು ತಾಯಿ ಎಂದು ಬೇಡುತ್ತಿದ್ದೆ. ಮನೆಗೆ ಬಂದವಳೇ ಅವಳ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು ನೋಡುತ್ತಿದ್ದೆ. ಅವಳು ತಿರುಗುತ್ತಿರಲಿಲ್ಲ.

ಓದು ಬಿಡುತ್ತೇನೆ ಎಂದ ವಾರ ಗುಡಿಗೆ ಹೋದಾಗ ನನ್ನ ಬಾಯಿಂದ ಮಾತೇ ಬರಲಿಲ್ಲ. ಗುಡಿ ನೋಡಿಕೊಳ್ಳುತ್ತಿದ್ದ ಪುಟ್ಟಮ್ಮಜ್ಜಿ ಹತ್ತಿರ ಬಂದು, "ಯಾಕವ್ವ ಇಂಗೆ ಕುಂತೆ?" ಎಂದರು.

"ಏನು ಕೇಳ್ಬೇಕೋ ಗೊತ್ತಾಗ್ತಿಲ್ಲ ಅಜ್ಜಿ."

"ಗೊತ್ತಾಗ್ದಿದ್ರೆ ಬುಡು. ನೀನು ಏಳ್ದಿದ್ರೂ ಆಯಮ್ಮಂಗೆ ಗೊತ್ತಾಯ್ತದೆ. ಸುಮ್ಕೆ ಕುಂತ್ಕೋ."

ನಾನು ಏನೂ ಕೇಳದೆ ಬಹಳ ಹೊತ್ತು ಕುಳಿತಿದ್ದು ಎದ್ದು ಬಂದೆ.

ಸೋಮವಾರ ಸೀಟು ಬಿಡುವುದಾಗಿ ಹೇಳಿಬರಲು ತಾಯಿ ಮಗಳು ಹೊರಟೆವು. ಯಶವಂತಪುರ ದಾಟುವವರೆಗೂ ಬಸ್ಸಿನಲ್ಲಿ ನಿಂತೇ ಇದ್ದೆವು. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ವಿಶ್ವವಿದ್ಯಾಲಯ ತಲುಪಿದಾಗ ವಿಭಾಗದ ಮುಖ್ಯಸ್ಥರು ಮೀಟಿಂಗಿನಲ್ಲಿದ್ದರು. ವರಾಂಡದ ಬೆಂಚಿನ ಮೇಲೆ ಕುಳಿತೆವು.

ಅಷ್ಟರಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ ವಯಸ್ಸಾದವರೊಬ್ಬರು ನಮ್ಮ ಮುಂದೆ ನಿಂತು ಏನೋ ಹೇಳಿದರು. ತುಟಿ ಆಡಿತು, ದನಿ ಬರಲಿಲ್ಲ. ನಾನು, "ಏನಂದ್ರಿ ಸ್ವಾಮಿ? ಕೇಳಿಸ್ಲಿಲ್ಲ," ಎಂದೆ. ಅವರು ಮತ್ತೆ ಹೇಳಿದರು. ಗಾಳಿ ಊದಿದಂತೆ ಒಂದು ಸದ್ದು, ಅಷ್ಟೇ.

ಪಕ್ಕದಲ್ಲಿದ್ದ ವಸಂತ ಎದ್ದು ನಿಂತಳು. "ಹೆಡ್ ಸರ್ ನೋಡೋಕೆ ಬಂದಿದೀವಿ ಸರ್. ಕೋರ್ಸ್ ಬಿಡ್ತಿದೀನಿ," ಎಂದಳು.

ಅವರು ಇನ್ನೇನೋ ಕೇಳಿದರು. ಅವಳು ಉತ್ತರ ಕೊಟ್ಟಳು. ನಾನು ಇಬ್ಬರ ಮುಖವನ್ನೂ ನೋಡುತ್ತಾ ಪೆದ್ದಿಯಂತೆ ಕುಳಿತಿದ್ದೆ. ಎರಡು ಕಿವಿ ನೆಟ್ಟಗಿರುವ ನನಗೆ ಒಂದು ಮಾತೂ ತಿಳಿಯಲಿಲ್ಲ, ಕಿವಿಯೇ ಇಲ್ಲದ ಮಗಳಿಗೆ ಪ್ರತಿಯೊಂದೂ ತಿಳಿಯುತ್ತಿತ್ತು. ಮನಸ್ಸಿನಲ್ಲೇ ಅಮ್ಮನವರಿಗೆ ಕೈಮುಗಿದೆ.

ವಸಂತ ನನ್ನ ಕಡೆ ತಿರುಗಿದಳು. "ಅಮ್ಮ, ಬಾಹ್ಯಾಕಾಶದ ಪೇಪರ್ ಇವರದ್ದೇ ಅಂತೆ. ಗಂಟಲಿಗೆ ಆಪರೇಷನ್ ಆಗಿ ದನಿ ಹೋಗಿದೆಯಂತೆ. ಪಾಠ ಕೇಳಿಸಲ್ಲ ಅಂತ ಯಾರೂ ತಗೊಳ್ತಿಲ್ವಂತೆ." ಮತ್ತೆ ಅವರ ಕಡೆ ತಿರುಗಿ, "ನನಗೂ ಕೇಳಿಸಲ್ಲ ಸರ್. ಆದ್ರೆ ನೀವು ಹೇಳೋದು ಗೊತ್ತಾಗುತ್ತೆ," ಎಂದಳು.

ಆ ಮೇಷ್ಟರು ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡರು.

ಮೀಟಿಂಗ್ ಮುಗಿದ ಮೇಲೆ ಮೇಷ್ಟರೇ ನಮ್ಮನ್ನು ಮುಖ್ಯಸ್ಥರ ಕೋಣೆಗೆ ಕರೆದುಕೊಂಡು ಹೋದರು. ಮುಖ್ಯಸ್ಥರು ಮೊದಲು ಒಪ್ಪಲಿಲ್ಲ. "ಒಬ್ಬಳಿಗೋಸ್ಕರ ಪೇಪರ್ ನಡೆಸೋದು ಹೇಗ್ರೀ?" ಎಂದರು. ಮೇಷ್ಟರು ಕುಳಿತ ಕುರ್ಚಿಯಿಂದ ಏಳಲೇ ಇಲ್ಲ. ಅವರ ತುಟಿ ನೋಡಿ ನೋಡಿ ವಸಂತಳೇ ಗಟ್ಟಿಯಾಗಿ ಹೇಳಿದಳು: "ಸರ್ ಕೇಳ್ತಿದಾರೆ, ರೂಮಿಗೂ ಖರ್ಚಿಲ್ಲ, ಟೈಮೂ ನಂದೇ, ನಿಮಗೇನ್ರೀ ಕಷ್ಟ ಅಂತ." ಮುಖ್ಯಸ್ಥರಿಗೆ ನಗು ಬಂತು. ಸಹಿ ಹಾಕಿದರು.

ಆ ವರ್ಷ ಸುಲಭವಾಗಿತ್ತೆಂದು ನಾನು ಹೇಳುವುದಿಲ್ಲ. ಉಳಿದ ಪೇಪರುಗಳಿಗೆ ಅವಳು ಪಟ್ಟ ಪಾಡು ನಾನು ನೋಡಿದ್ದೇನೆ. ಪ್ರಾಕ್ಟಿಕಲ್‌ನಲ್ಲಿ ಜೊತೆಗೆ ಯಾರೂ ಸೇರಿಸಿಕೊಳ್ಳದೆ ಒಬ್ಬಳೇ ನಿಂತ ದಿನಗಳೂ ಇದ್ದವು. ನನ್ನ ಕೈಲಾಗುತ್ತಿದ್ದದ್ದು ಡಬ್ಬಿಗೆ ಬುತ್ತಿ ಕಟ್ಟುವುದು, ಶುಕ್ರವಾರ ದೀಪ ಹಚ್ಚುವುದು, ಅಷ್ಟೇ. ಆದರೆ ಮೇಷ್ಟರ ಪಾಠವಿದ್ದ ದಿನ ಮನೆಗೆ ಬಂದವಳು ಚಪ್ಪಲಿ ಬಿಡುವಾಗಲೇ ಮಾತು ಶುರುಮಾಡುತ್ತಿದ್ದಳು. ಉಪಗ್ರಹ ಬೀಳದೆ ಸುತ್ತುವುದು ಹೇಗೆಂದು ಅಪ್ಪನಿಗೆ ಸಾರಿನ ಬಟ್ಟಲು ಇಟ್ಟು ತೋರಿಸುತ್ತಿದ್ದಳು.

ಕೊನೆಯ ಮೌಖಿಕ ಪರೀಕ್ಷೆಗೆ ನಾನೂ ಜೊತೆಗೆ ಹೋಗಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳಿದರೆ, ಅವರ ಒಪ್ಪಿಗೆಯ ಮೇಲೆ, ಎದುರು ಕುಳಿತ ಮೇಷ್ಟರು ಅದನ್ನೇ ತುಟಿಯಲ್ಲಿ ಹೇಳುತ್ತಿದ್ದರಂತೆ. ವಸಂತ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಇಂದು ಉಪಗ್ರಹಗಳ ಹಾದಿಯ ಲೆಕ್ಕ ಮಾಡುವ ಕೆಲಸದಲ್ಲಿದ್ದಾಳೆ.

ಅಂದು ಪರೀಕ್ಷೆ ಮುಗಿದ ಮೇಲೆ ನಾನು ಮೇಷ್ಟರ ಕಾಲಿಗೆ ನಮಸ್ಕರಿಸಲು ಹೋದೆ. ಅವರು ತಡೆದು, ನನ್ನ ಮುಖ ನೋಡಿ ಏನೋ ಹೇಳಿದರು. ಎಂದಿನಂತೆ ನನಗೆ ತಿಳಿಯಲಿಲ್ಲ. ವಸಂತಳ ಕಡೆ ನೋಡಿದೆ. ಅವಳು ಹೇಳಿದಳು:

"ಅಮ್ಮ, ಆಪರೇಷನ್ ಆದ್ಮೇಲೆ ಪಾಠ ಮಾಡೋದು ಮುಗೀತು ಅಂದ್ಕೊಂಡಿದ್ರಂತೆ. ಒಬ್ಬರನ್ನಾದ್ರೂ ಕಳಿಸು ಅಂತ ದಿನಾ ದೇವರನ್ನ ಕೇಳ್ಕೊಳ್ತಿದ್ರಂತೆ."

ನನ್ನ ಮಗಳಿಗೆ ಕಿವಿ ಬರಲಿಲ್ಲ. ಈಗಲೂ ಕೆಲವು ಶುಕ್ರವಾರ ಕೇಳುತ್ತೇನೆ, ತಾಯಿ ಹೃದಯ ಕೇಳದೆ ಇರುವುದಿಲ್ಲ. ಆದರೆ ಅಮ್ಮನವರು ನನ್ನ ಮೊರೆಯನ್ನು ಕೇಳಲಿಲ್ಲ ಎಂದು ಆ ದಿನದಿಂದ ಒಮ್ಮೆಯೂ ಅಂದುಕೊಂಡಿಲ್ಲ. ಆ ತಾಯಿ ಇಬ್ಬರ ಮೊರೆಯನ್ನು ಒಟ್ಟಿಗೆ ಕೇಳುತ್ತಿದ್ದಳು.